ಮರವನ್ನು ಮಠ ಮಾಡುವ ಚುಕ್ಕಿ



ಈ ಸಲ ಬರೆಯಹೊರಟಿರುವ ವಿಷಯ ತೀರ ಚಿಕ್ಕದು. ಎಷ್ಟು ಚಿಕ್ಕದೆಂದರೆ, ಎಂಟು ಚೌಕ ಅಗಲ, ಎಂಟು ಚೌಕ ಎತ್ತರದ ಜಾಗದಲ್ಲಿ ಅದು ಹಿಡಿಸಬೇಕು. ಗಣಿತದ ಚೌಕುಳಿ ಹಾಳೆಯಲ್ಲಿ ಅಷ್ಟು ಜಾಗವನ್ನು ಗುರುತು ಮಾಡಿಕೊಂಡು, ಕೆಲವು ಚೌಕಗಳನ್ನು ಪೆನ್ಸಿಲಿನಿಂದ ತುಂಬಿ, ಉಳಿದವನ್ನು ಖಾಲಿ ಬಿಟ್ಟರೆ ಅದೊಂದು ಚಿತ್ರವಾಗುತ್ತದೆ. ಹಳೆಯ ಕಂಪ್ಯೂಟರುಗಳ ಪರದೆಯ ಮೇಲೆ ಅಕ್ಷರ, ಆಟದ ಗೊಂಬೆ, ಐಕಾನ್ ಎಲ್ಲವೂ ಹುಟ್ಟುತ್ತಿದ್ದುದು ಹೀಗೆಯೇ. ಆ ಯಂತ್ರಗಳಲ್ಲಿ ಬಹುಪಾಲು ಗುಜರಿ ಸೇರಿ ಹೋದವು. ಆದರೆ ಆ ಬಗೆಯ ಚಿತ್ರ ಬರೆಯುವ ಆಸೆ ಮಾತ್ರ ಜನರಲ್ಲಿ ಉಳಿದುಕೊಂಡಿದೆ. ಅದಕ್ಕೆಂದೇ ಮಾಡಿದ ಸಲಕರಣೆಗಳು ಈಗ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತವೆ. ಏನನ್ನೂ ಕೊಳ್ಳಬೇಕಿಲ್ಲ, ಕಂಪ್ಯೂಟರಿನಲ್ಲಿ ಏನನ್ನೂ ತುಂಬಿಕೊಳ್ಳಬೇಕಿಲ್ಲ.

ಅರವತ್ತು ದಾಟಿದ ನಿವೃತ್ತ ಶಿಕ್ಷಕಿಗೆ ಇದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಹರಿಹರದ ನಮ್ಮ ಅಕ್ಕನ ಮನೆಯಲ್ಲಿ ಈ ಚುಕ್ಕಿಚಿತ್ರಗಳು ಇಂದು ತಂಬಿಗೆ, ತಟ್ಟೆಗಳಂತೆ ದಿನಬಳಕೆಯ ವಸ್ತುಗಳಾಗಿವೆ. ಅದು ಹೇಗಾಯಿತೆಂದು ಹೇಳಬೇಕಾದರೆ ಮೊದಲು ಚುಕ್ಕಿಯ ಲೆಕ್ಕವನ್ನು ಹೇಳಬೇಕು. ಟೀಚರ ಚಟ ಇನ್ನೂ ಹೋಗಿಲ್ಲವೆಂದು ನಗಬೇಡಿ. ಲೆಕ್ಕ ಸುಲಭವಾಗಿದೆ.

ಭಾರತ ಸರಕಾರವು 1984–85ರಲ್ಲಿ 'ಕ್ಲಾಸ್' ಎಂಬ ಹೆಸರಿನ ಯೋಜನೆಯೊಂದನ್ನು ಆರಂಭಿಸಿ, ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಕಂಪ್ಯೂಟರುಗಳನ್ನು ಕೊಟ್ಟಿತು. ಅದಕ್ಕಾಗಿ ಆರಿಸಿದ್ದು ಬಿಬಿಸಿ ಮೈಕ್ರೋ ಎಂಬ ಯಂತ್ರವನ್ನು. ಇಂಗ್ಲೆಂಡಿನ ಕೇಂಬ್ರಿಜ್ ಊರಿನ ಏಕಾರ್ನ್ ಕಂಪನಿ 1981ರ ಕೊನೆಗೆ ಅದನ್ನು ಹೊರತಂದಿತ್ತು. ಮುಂದಿನ ಹಂತಗಳಲ್ಲಿ ಅದು ಇನ್ನೂ ಅನೇಕ ಶಾಲೆಗಳನ್ನು ತಲುಪಿತು. ದಾವಣಗೆರೆಯಲ್ಲಿ ನಾನು ಗಣಿತ ಕಲಿಸುತ್ತಿದ್ದ ಕಾಲದಲ್ಲಿ ಅದನ್ನು ಕಂಡವರಲ್ಲಿ ನಾನೂ ಒಬ್ಬಳು. ಕೀಲಿಮಣೆಯ ಪೆಟ್ಟಿಗೆಯೊಳಗೇ ಇಡೀ ಯಂತ್ರ ಅಡಗಿತ್ತು. ಅದರ ನೆನಪಿನ ಶಕ್ತಿ 32 ಕಿಲೋಬೈಟು. ಇಂದು ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದೇ ಛಾಯಾಚಿತ್ರ ಅದರ ನೂರು ಪಟ್ಟು ಜಾಗ ಬೇಡುತ್ತದೆ.

ಆ ಯಂತ್ರದಲ್ಲಿ ನಮ್ಮದೇ ಅಕ್ಷರವನ್ನು ಕಟ್ಟಿಕೊಳ್ಳುವ ಸೌಕರ್ಯವೊಂದಿತ್ತು. 'ವಿಡಿಯು 23' ಎಂಬ ಆಜ್ಞೆಯನ್ನು ಕೊಟ್ಟು, ಅಕ್ಷರಕ್ಕೊಂದು ಸಂಖ್ಯೆಯನ್ನು ಹೇಳಿ, ಮುಂದೆ ಎಂಟು ಅಂಕಿಗಳನ್ನು ಬರೆಯಬೇಕು. ಎಂಟು ಸಾಲಿಗೆ ಎಂಟು ಅಂಕಿ. ಒಂದು ಸಾಲಿನ ಎಂಟು ಚೌಕಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ. ತುಂಬಿದ ಚೌಕಗಳ ಬೆಲೆಯನ್ನು ಮಾತ್ರ ಕೂಡಿಸಿದರೆ ಆ ಸಾಲಿನ ಅಂಕಿ ಸಿಕ್ಕುತ್ತದೆ. ಮಕ್ಕಳಿಗೆ ದ್ವಿಮಾನ ಪದ್ಧತಿಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿಲ್ಲ. ನಮ್ಮ ಭಾವ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದರು. ಲೇಥ್ ಯಂತ್ರಗಳಿಗೆ ಹೆಸರಾಗಿದ್ದ ಕಾರ್ಖಾನೆ ಅದು. ಅವರು ಕೊಟ್ಟ ಗ್ರಾಫ್ ಹಾಳೆಗಳನ್ನು ತರಗತಿಗೆ ಒಯ್ದು ಹಂಚುತ್ತಿದ್ದೆ. ಕಂಪ್ಯೂಟರಿನ ಮುಂದೆ ಕೂರುವ ಸರದಿ ವಾರಕ್ಕೊಮ್ಮೆ ಬಂದರೆ ಹೆಚ್ಚು. ಹಾಳೆಯ ಮೇಲೆ ಚೌಕ ತುಂಬುವುದಕ್ಕೆ ಸರದಿಯ ಹಂಗಿರಲಿಲ್ಲ.

'ರ' ಅಕ್ಷರವನ್ನೇ ತೆಗೆದುಕೊಳ್ಳಿ. ಮೇಲೊಂದು ತಲೆಕಟ್ಟು, ಕೆಳಗೊಂದು ದುಂಡು. ಎಂಟು ಸಾಲಿನ ಅಂಕಿಗಳು ಹೀಗೆ ಬರುತ್ತವೆ: 3, 126, 36, 66, 66, 66, 60, 0. ಬಿಡುವಿದ್ದಾಗ ಚೌಕುಳಿ ಹಾಳೆಯಲ್ಲಿ ತುಂಬಿ ನೋಡಿ, 'ರ' ಮೂಡುತ್ತದೆ. ಈಗ ಐದನೆಯ ಅಂಕಿಯನ್ನು 66ರಿಂದ 90ಕ್ಕೆ ಏರಿಸಿ. ಹೆಚ್ಚಾದದ್ದು 24, ಎಂದರೆ ದುಂಡಿನ ನಟ್ಟನಡುವೆ ಎರಡು ಚೌಕ ತುಂಬಿದಂತಾಯಿತು. 'ರ' ಹೋಗಿ 'ಠ' ಬಂತು. ತರಗತಿಯಲ್ಲಿ ನಾನು ಹೇಳುತ್ತಿದ್ದ ಮಾತು ಕೆಲವರಿಗಾದರೂ ನೆನಪಿರಬಹುದು: ಇಪ್ಪತ್ತನಾಲ್ಕು ಕೂಡಿಸಿದರೆ ಮರ ಮಠವಾಗುತ್ತದೆ.

ಇಂಗ್ಲಿಷಿನ ಅಕ್ಷರಗಳು ಎಂಟು ಚೌಕದ ಮನೆಯಲ್ಲಿ ಕಾಲು ಚಾಚಿ ಮಲಗುತ್ತವೆ. ಕನ್ನಡದ ಅಕ್ಷರಗಳಿಗೆ ಆ ಸುಖವಿಲ್ಲ. ತಲೆಕಟ್ಟು ಮೇಲೆ ಬೇಕು, ಒತ್ತಕ್ಷರ ಕೆಳಗೆ ಬೇಕು, ಕೊಂಬು, ದೀರ್ಘಗಳು ಬಲಕ್ಕೆ ಬೇಕು. 'ದ' ಮತ್ತು 'ಧ' ಅಕ್ಷರಗಳ ನಡುವಿನ ಅಂತರವೋ, ಅಡಿಯಲ್ಲಿ ಬರುವ ಒಂದು ಸೀಳು. ಹೆಸರಿನಲ್ಲಿ 'ಧ' ಇದ್ದ ಹುಡುಗಿಯೊಬ್ಬಳು ಆ ಸೀಳನ್ನು ಎಲ್ಲಿ ಇಡಲೆಂದು ಎರಡು ದಿನ ಹಾಳೆಯ ಮೇಲೆ ಹೆಣಗಿದಳು. ಸೀಳಿಟ್ಟರೆ ದುಂಡು ಒಡೆಯುತ್ತದೆ, ದುಂಡು ಉಳಿದರೆ ಸೀಳಿಗೆ ಜಾಗವಿಲ್ಲ. ಕೊನೆಗೆ ಒಂದರ ಕೆಳಗೊಂದರಂತೆ ಎರಡು ಮನೆಗಳನ್ನು ಜೋಡಿಸಿ, ಹದಿನಾರು ಸಾಲು ಮಾಡಿಕೊಂಡು ತನ್ನ ಹೆಸರನ್ನು ಪರದೆಯ ಮೇಲೆ ನಿಲ್ಲಿಸಿದಳು. ಎಷ್ಟೋ ವರ್ಷಗಳ ಬಳಿಕ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಜಗತ್ತಿನ ಲಿಪಿಗಳನ್ನೆಲ್ಲ ಚುಕ್ಕಿಗಳಲ್ಲಿ ಬರೆದಿಡುವ ಯುನಿಫಾಂಟ್ ಎಂಬ ಅಕ್ಷರಮಾಲೆಯ ಕೆಲಸ 1998ರಲ್ಲಿ ಆರಂಭವಾಯಿತು. ಅದರಲ್ಲಿಯೂ ಪ್ರತಿ ಅಕ್ಷರದ ಎತ್ತರ ಹದಿನಾರು ಚುಕ್ಕಿಯೇ. ನಮ್ಮ ಹುಡುಗಿಯ ಲೆಕ್ಕ ಸರಿಯಾಗಿಯೇ ಇತ್ತು. ಇಂದು ಬಸ್ಸುಗಳ ನೆತ್ತಿಯ ಮೇಲಿನ ದೀಪದ ಫಲಕದಲ್ಲಿ ಊರ ಹೆಸರು ಓಡುವಾಗ ನನ್ನ ಕಣ್ಣು ಒತ್ತಕ್ಷರವನ್ನೂ ಸೀಳನ್ನೂ ಹುಡುಕುತ್ತದೆ.

ಚಿತ್ರಗಳ ಕಡೆಗೆ ಬರೋಣ. ಅಮೆರಿಕದ ಆಪಲ್ ಕಂಪನಿ 1984ರ ಜನವರಿಯಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರನ್ನು ಹೊರತಂದಿತು. ಆಜ್ಞೆಗಳನ್ನು ಬಾಯಿಪಾಠ ಮಾಡದೆ, ಚಿತ್ರವನ್ನು ನೋಡಿ ಗುಂಡಿಯೊತ್ತಿ ಕೆಲಸ ಮಾಡಬಹುದಾದ ಯಂತ್ರವದು. ಅದರ ಐಕಾನುಗಳನ್ನು ಬರೆದವರು ಸೂಸನ್ ಕೇರ್ ಎಂಬ ಕಲಾವಿದೆ. ಚೌಕುಳಿ ಹಾಳೆಯ ಪುಸ್ತಕವೊಂದನ್ನು ಕೊಂಡು ತಂದು, 32 ಚೌಕ ಅಗಲ, 32 ಚೌಕ ಎತ್ತರದ ಜಾಗದಲ್ಲಿ ಅವರು ಬರೆಯತೊಡಗಿದರು. ಅಲ್ಲಿದ್ದುದು 1024 ಚೌಕ, ಕಪ್ಪು ಬಿಳುಪು ಎರಡೇ ಬಣ್ಣ. ನಗುವ ಪುಟ್ಟ ಕಂಪ್ಯೂಟರು, ಕಸದ ಡಬ್ಬಿ, ಬಣ್ಣ ಸುರಿಯುವ ಬಕೆಟ್ಟು, ಯಂತ್ರ ಕೆಟ್ಟಾಗ ಕಾಣಿಸಿಕೊಳ್ಳುವ ಬಾಂಬು, ಎಲ್ಲವೂ ಅವರ ಕೈಯವು. ಬಟ್ಟೆಯ ಎಳೆಯೆಣಿಸಿ ಹೊಲಿಯುವ ಕಸೂತಿಯನ್ನು ಅವರಿಗೆ ಕಲಿಸಿದ್ದು ತಾಯಿಯಂತೆ.

ಅದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಧಾರವಾಡ ಸೀಮೆಯ ಕಸೂತಿಯೂ ಎಳೆಯೆಣಿಸಿ ಹಾಕುವಂಥದೇ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕೇ ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಎದ್ದುಬರುತ್ತವೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಅಲ್ಲಿಲ್ಲ. ಎಣಿಕೆ ತಪ್ಪಿದರೆ ಆನೆಯ ಸೊಂಡಿಲು ಕೆಟ್ಟಿತು. ಅಂಗಳದ ಚುಕ್ಕಿ ರಂಗೋಲಿಯೂ ಅದೇ ವಂಶದ್ದು. ನಡುಸಾಲಿಗೆ 15 ಚುಕ್ಕಿ, ಮೇಲಕ್ಕೂ ಕೆಳಕ್ಕೂ ಎರಡೆರಡು ಕಡಿಮೆ ಮಾಡುತ್ತ ಒಂದರಲ್ಲಿ ಮುಗಿಸಿದರೆ ಒಟ್ಟು 113 ಚುಕ್ಕಿ. ಎಂಟರ ವರ್ಗಕ್ಕೆ ಏಳರ ವರ್ಗವನ್ನು ಕೂಡಿಸಿದರೆ ಸಿಗುವ ಸಂಖ್ಯೆ ಅದು. ಸೂಸನ್ ಕೇರ್ ಮ್ಯಾಕಿಂಟಾಷಿನ ಒಂದು ಕೀಲಿಗೆ ಆರಿಸಿದ ಗುರುತು, ನಾಲ್ಕು ಮೂಲೆಗೂ ಕುಣಿಕೆಯಿರುವ ಚೌಕ. ಸ್ವೀಡನ್ನಿನಲ್ಲಿ ಪ್ರೇಕ್ಷಣೀಯ ಸ್ಥಳಗಳನ್ನು ಸೂಚಿಸುವ ಫಲಕದ ಗುರುತು ಅದು. ನಮ್ಮ ಕಡೆಯ ಯಾವ ಮುದುಕಿಗೆ ತೋರಿಸಿದರೂ 'ಇದು ರಂಗೋಲಿ' ಎಂದಾಳು. ಒಂದೇ ಆಕೃತಿ: ಒಬ್ಬರಿಗೆ ನೋಡತಕ್ಕ ಊರು, ಮತ್ತೊಬ್ಬರಿಗೆ ಕಂಪ್ಯೂಟರಿನ ಆಜ್ಞೆ, ಮಗದೊಬ್ಬರಿಗೆ ಬೆಳಗಿನ ಬಾಗಿಲು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ರೌಸರಿನ ಸಲಕರಣೆಗಳ ಪರಿಚಯವನ್ನು ನನಗೆ ಮಾಡಿಸಿದವನು ಹಳೆಯ ವಿದ್ಯಾರ್ಥಿಯೊಬ್ಬ. ಬೆಂಗಳೂರಿನಲ್ಲಿ ನೌಕರಿ, ರಜೆಯ ದಿನ ಹಳೆಯ ಕಂಪ್ಯೂಟರುಗಳ ಹುಚ್ಚು. "ಟೀಚರ್, ನಿಮ್ಮ ಗ್ರಾಫ್ ಹಾಳೆ ಈಗ ಪರದೆಯ ಮೇಲೆ ಬಂದಿದೆ, ನೋಡಿ" ಎಂದು ಎರಡು ಕೊಂಡಿಗಳನ್ನು ಕಳುಹಿಸಿದ. ಒಂದು ಸ್ಪ್ರೈಟ್‌ಮೇಟ್. 1982ರ ಕಮಡೋರ್ 64 ಎಂಬ ಯಂತ್ರಕ್ಕೆಂದೇ ಮೀಸಲಾದದ್ದು. ಆ ಯಂತ್ರದಲ್ಲಿ ಓಡಾಡುವ ಗೊಂಬೆಗೆ 24 ಚೌಕ ಅಗಲ, 21 ಚೌಕ ಎತ್ತರ; ಒಟ್ಟು 504 ಚೌಕ. ಎಂಟು ಚೌಕಕ್ಕೊಂದು ಬೈಟಿನಂತೆ 63 ಬೈಟು. ನಾವು ಚೌಕಗಳನ್ನು ತುಂಬಿದರೆ ಸಾಕು, ಕೂಡಿಸುವ ಲೆಕ್ಕವನ್ನು ಅದೇ ಮಾಡಿ, ಹಳೆಯ ಯಂತ್ರಕ್ಕೆ ಉಣಿಸಬೇಕಾದ ಅಂಕಿಗಳ ಪಟ್ಟಿಯನ್ನು ಕೈಗೆ ಕೊಡುತ್ತದೆ. ಇನ್ನೊಂದು ಪಿಸ್ಕೆಲ್. ಅದು ಯಾವ ಒಂದು ಯಂತ್ರಕ್ಕೂ ಕಟ್ಟುಬಿದ್ದಿಲ್ಲ. ಎಷ್ಟು ಚೌಕ ಬೇಕೆಂದು ನಾವೇ ಹೇಳಬಹುದು. ಚಿತ್ರವನ್ನು ಹಿಗ್ಗಿಸಿ ಉಳಿಸಿಕೊಂಡರೆ ಮುದ್ರಿಸಲೂ ಬರುತ್ತದೆ. ಬರೆಯುವ ಪೆನ್ನು, ಅಳಿಸುವ ರಬ್ಬರು, ಬಣ್ಣ ಸುರಿಯುವ ಬಕೆಟ್ಟು, ಎಡಕ್ಕೆ ಬರೆದದ್ದು ಬಲಕ್ಕೂ ಮೂಡುವ ಕನ್ನಡಿ ಪೆನ್ನು, ಎಲ್ಲವೂ ಉಂಟು. ಒಂದು ಹೆಜ್ಜೆ ಹಿಂದಕ್ಕೆ ಹೋಗುವ ಸೌಕರ್ಯವೂ ಉಂಟು. ಗ್ರಾಫ್ ಹಾಳೆಯಲ್ಲಿ ಹೆಚ್ಚು ಸಲ ಅಳಿಸಿದರೆ ಹಾಳೆ ತೂತಾಗುತ್ತಿತ್ತು. ಇಲ್ಲಿ ಆ ಭಯವಿಲ್ಲ.

ಕೋಟಿಗಟ್ಟಲೆ ಬಣ್ಣ ತೋರಿಸುವ ಪರದೆಗಳಿರುವಾಗ ಹದಿನಾರು ಚೌಕದ ಇಕ್ಕಟ್ಟಿಗೆ ಜನ ಏಕೆ ಹಿಂದಿರುಗುತ್ತಾರೆ? ಹಳೆಯ ಆಟಗಳ ನೆನಪು ಒಂದು ಕಾರಣ. ನನಗೆ ತೋರುವ ಇನ್ನೊಂದು ಕಾರಣವೆಂದರೆ, ಜಾಗ ಕಡಿಮೆಯಾದಷ್ಟೂ ಬರೆಯುವವನು ಯೋಚಿಸಲೇಬೇಕಾಗುತ್ತದೆ. ದೊಡ್ಡ ಕಾಗದದಲ್ಲಿ ಆನೆ ಬರೆಯುವವನು ಆನೆಗೆ ಇರುವುದನ್ನೆಲ್ಲ ಬರೆಯುತ್ತಾನೆ. ಹದಿನಾರು ಚೌಕದಲ್ಲಿ ಬರೆಯುವವನು ಯಾವುದನ್ನು ಬಿಟ್ಟರೂ ಅದು ಆನೆಯಾಗಿಯೇ ಉಳಿಯುತ್ತದೆ ಎಂದು ಹುಡುಕುತ್ತಾನೆ. ಬಿಟ್ಟದ್ದನ್ನು ತುಂಬಿಕೊಳ್ಳುವುದು ನೋಡುವವರ ನೆನಪು. ಆನೆಯನ್ನೇ ಕಾಣದವರಿಗೆ ಆ ಚಿತ್ರ ನಾಲ್ಕು ಕಂಬದ ಮಂಟಪವಾಗಿ ಕಂಡರೆ ಅವರನ್ನು ದೂರುವಂತಿಲ್ಲ. ನನ್ನ ತಂಗಿಯ ಮೊಮ್ಮಗಳು ಕಂಪ್ಯೂಟರಿನಲ್ಲಿ ಬರೆದದ್ದನ್ನು ಉಳಿಸುವಾಗ ಒತ್ತುವ ಚೌಕದ ಗುರುತನ್ನು ತೋರಿಸಿ, ಅದು ಏನೆಂದು ಕೇಳಿದಳು. ಅದು ಫ್ಲಾಪಿ. ಸೋನಿ ಕಂಪನಿ 2011ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. ವಸ್ತು ಹೋಯಿತು, ಗುರುತು ಉಳಿಯಿತು. ಅದನ್ನು ಕೈಯಲ್ಲಿ ಹಿಡಿದವರ ಕಾಲ ಮುಗಿದರೆ ಅದು ಬರಿಯ ಚೌಕ.

ಇನ್ನು ಅಕ್ಕನ ವಿಷಯ. ಬಂಧುಗಳಿಗೆ ಗೊತ್ತಿದೆ, ವಿದ್ಯಾರ್ಥಿಗಳಿಗೆ ಗೊತ್ತಿಲ್ಲದಿರಬಹುದು. 2022ರ ನವೆಂಬರಿನಲ್ಲಿ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ಬಲಗಾಲು ಅರ್ಧ ಸೋತಿತು, ಮಾತು ಪೂರ್ತಿ ಹೋಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಹೀಗೆ ಬಲಮೈಯ ಜೊತೆಗೆ ಮಾತೂ ಹೋಗುವುದುಂಟು. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕ ಇಂಥ ರೋಗಿಯೊಬ್ಬನನ್ನು ವಿವರಿಸಿದರು. ಅವರು ಕಂಡ ರೋಗಿಯ ಬಾಯಿಂದ 'ಟ್ಯಾನ್' ಎಂಬ ಒಂದೇ ಉಲಿ ಬರುತ್ತಿತ್ತಂತೆ. ನಮ್ಮ ಅಕ್ಕನಿಗೆ ಉಳಿದ ಮಾತು 'ಅಲ್ಲ'. ಬೇಡವೆಂದರೂ 'ಅಲ್ಲ', ಬೇಕೆಂದರೂ 'ಅಲ್ಲ'. ಓದುವುದೂ ಹೋಯಿತು. ದಿನಪತ್ರಿಕೆಯನ್ನು ಮೂಲೆಯಿಂದ ಮೂಲೆಗೆ ಓದುತ್ತಿದ್ದವಳು ಈಗ ಅದನ್ನು ತಲೆಕೆಳಗು ಹಿಡಿಯುವುದಿಲ್ಲವಾದರೂ ಅಕ್ಷರ ಅವಳಿಗೆ ಏನನ್ನೂ ಹೇಳುವುದಿಲ್ಲ. ಬುದ್ಧಿ ಮಾತ್ರ ಸ್ವಚ್ಛವಾಗಿದೆ. ಎದುರಿಗಿದ್ದವರು ತಪ್ಪು ತಿಳಿದುಕೊಂಡರೆ ಅವಳ ಕಣ್ಣಿನಲ್ಲಿ ಸಿಟ್ಟು ಕಾಣುತ್ತದೆ. ನೀರು ಕೇಳಿದವಳಿಗೆ ಹೊದಿಕೆ ಹೊದಿಸಿದರೆ ಯಾರಿಗೆ ಸಿಟ್ಟು ಬಾರದು?

ಮಾತಿನ ಚಿಕಿತ್ಸೆ ನೀಡುವವರು ಚಿತ್ರಗಳ ಹಲಗೆಯೊಂದನ್ನು ಬಳಸಲು ಹೇಳಿದರು. ಬೇಕಾದದ್ದರ ಚಿತ್ರಕ್ಕೆ ಬೆರಳಿಟ್ಟು ತೋರಿಸುವುದು ಅದರ ವಿಧಾನ. ಸಿದ್ಧವಾಗಿ ಸಿಗುವ ಹಾಳೆಯೊಂದನ್ನು ಅಕ್ಕನ ಮಗ ಮುದ್ರಿಸಿ ತಂದ. ಊಟಕ್ಕೆ ಚಾಕು ಮತ್ತು ಮುಳ್ಳುಚಮಚ, ನಿದ್ದೆಗೆ ಮಂಚದ ಮೇಲೆ ಇಂಗ್ಲಿಷಿನ ಮೂರು ಅಕ್ಷರ, ಸ್ನಾನಕ್ಕೆ ನೊರೆ ತುಂಬಿದ ತೊಟ್ಟಿ. ಅಕ್ಕ ಅದನ್ನು ಒಮ್ಮೆ ನೋಡಿ 'ಅಲ್ಲ' ಎಂದು ಮುಖ ತಿರುಗಿಸಿದಳು. ಆ ಸಲದ 'ಅಲ್ಲ' ಎಂಬ ಮಾತಿಗೆ ಅರ್ಥ 'ಅಲ್ಲ' ಎಂದೇ ಇತ್ತು.

ಅಂದಿನಿಂದ ನಾನು ಚಿತ್ರ ಬರೆಯತೊಡಗಿದೆ. ಛಾಯಾಚಿತ್ರಗಳನ್ನೇ ಬಳಸಬಹುದಲ್ಲ ಎಂದು ಹಲವರು ಕೇಳಿದರು. ಬಳಸಿ ನೋಡಿದೆವು. ಛಾಯಾಚಿತ್ರದಲ್ಲಿ ಚೊಂಬಿನ ಹಿಂದೆ ಗೋಡೆ, ಗೋಡೆಯ ಮೇಲೆ ಕ್ಯಾಲೆಂಡರು, ಪಕ್ಕದಲ್ಲಿ ಯಾರದೋ ಕೈ. ಅಕ್ಕನ ಕಣ್ಣು ಅದರಲ್ಲಿ ಅಲೆದಾಡುತ್ತಿತ್ತು. ಹದಿನಾರು ಚೌಕದ ಚಿತ್ರದಲ್ಲಿ ಕಣ್ಣು ಅಲೆಯಲು ಜಾಗವೇ ಇಲ್ಲ. ದಾವಣಗೆರೆಯ ಮನೆಯಲ್ಲಿ ರಾತ್ರಿ ಕೂತು ನಾಲ್ಕೈದು ಚಿತ್ರ ಬರೆಯುವುದು, ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದಕ್ಕೆ ಮುದ್ರಿಸಿ ಲ್ಯಾಮಿನೇಶನ್ ಮಾಡಿಸುವುದು, ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಅಕ್ಕನ ಮುಂದಿಡುವುದು, ಹೀಗೆ ಕೆಲಸ ಸಾಗಿತು. ಒಂದು ನಿಯಮ ಮಾಡಿಕೊಂಡಿದ್ದೆ: ಇದು ಏನೆಂದು ನಾನು ಹೇಳುವುದಿಲ್ಲ, ಅವಳು ಏನು ಕಾಣುತ್ತಾಳೆಂದು ಕಾಯುತ್ತೇನೆ.

ನೀರಿಗೆಂದು ನೀಲಿ ಹನಿಯೊಂದನ್ನು ಬರೆದಿದ್ದೆ. ಎಲ್ಲ ಕಡೆಯೂ ನೀರಿನ ಗುರುತು ಅದೇ ತಾನೆ? ಅಕ್ಕ ಅದನ್ನು ನೋಡಿ ಎಡಗೈ ಬೆರಳಿನಿಂದ ತನ್ನ ಕಣ್ಣಂಚನ್ನು ಒರೆಸಿದಳು. ಅವಳಿಗೆ ಕಂಡದ್ದು ಕಣ್ಣೀರು. ಆ ಚಿತ್ರವನ್ನು ಹಾಗೆಯೇ ಇಟ್ಟುಕೊಂಡೆವು, ದುಃಖಕ್ಕೆ ಬೇಕಾಗುತ್ತದೆಂದು. ಮುಂದಿನ ವಾರ ತಂಬಿಗೆ ಬರೆದು ಒಯ್ದೆ. ಕಂಠದ ಬಳಿ ಕಿರಿದಾಗಿ ಬಾಯಿಯ ಬಳಿ ಮತ್ತೆ ಅರಳಬೇಕು. ಆ ಎರಡು ಸಾಲುಗಳಲ್ಲಿ ಒಂದು ಚೌಕ ಆಚೀಚೆಯಾದರೆ ತಂಬಿಗೆ ಹೋಗಿ ಹೂಜಿಯಾಗುತ್ತದೆ. ಅಕ್ಕ ತಕ್ಷಣ ಬೆರಳಿಟ್ಟು ಅಡಿಗೆಮನೆಯ ಕಡೆ ನೋಡಿದಳು. ನಿದ್ದೆಗೆ ಚಂದ್ರ ಕೆಲಸಕ್ಕೆ ಬರಲಿಲ್ಲ, ಸುತ್ತಿಟ್ಟ ಚಾಪೆ ಬಂತು. ಮಂಡಕ್ಕಿಯಷ್ಟು ಸುಲಭದ ಚಿತ್ರ ಮತ್ತೊಂದಿಲ್ಲ. ಒಂದು ಚುಕ್ಕಿಗೆ ಒಂದು ಮಂಡಕ್ಕಿ. ಪಕ್ಕದಲ್ಲಿ ಒಂದು ಮೆಣಸಿನಕಾಯಿಯನ್ನು ಬರೆದೊಡನೆ ದಾವಣಗೆರೆಯ ಸಂಜೆಯೇ ಬಂದಂತಾಯಿತು. ಪಾರ್ಶ್ವವಾಯು ಬಡಿದ ಮೇಲೆ ಅಕ್ಕ ಮೊದಲ ಸಲ ಸದ್ದು ಮಾಡಿ ನಕ್ಕದ್ದು ಅದನ್ನು ನೋಡಿ. ನೋವಿಗೆ ಮಾತ್ರ ಚಿತ್ರ ಸಿಕ್ಕಲಿಲ್ಲ. ಮನುಷ್ಯನ ಮೈಯ ಹೊರಗೆರೆಯನ್ನು ಬರೆದುಕೊಟ್ಟೆವು. ಎಲ್ಲಿ ನೋಯುತ್ತದೆಯೋ ಅಲ್ಲಿ ಬೆರಳಿಡುತ್ತಾಳೆ.

ದೇವಸ್ಥಾನಕ್ಕೆ ಗೋಪುರ ಬರೆದೆ, ಅಕ್ಕ ಗುರುತಿಸಲಿಲ್ಲ. ಅವಳು ದಿನವೂ ಹೋಗುತ್ತಿದ್ದುದು ಹರಿಹರೇಶ್ವರನಲ್ಲಿಗೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಅವಳ ಮನಸ್ಸಿನಲ್ಲಿ ಇದ್ದುದು ಕಟ್ಟಡವಲ್ಲ, ಒಳಗಿನ ಮೂರ್ತಿ. ಹಾಗಾಗಿ ಹದಿನಾರು ಚೌಕವನ್ನು ಸರಿಯಾಗಿ ಎರಡು ಪಾಲು ಮಾಡಿದೆ. ನೋಡುವವರ ಎಡಕ್ಕೆ ಎಂಟು ಚೌಕ ಹರನಿಗೆ, ಬಲಕ್ಕೆ ಎಂಟು ಚೌಕ ಹರಿಗೆ. ಎಡದಲ್ಲಿ ತ್ರಿಶೂಲ, ಬಲದಲ್ಲಿ ಚಕ್ರ, ನಡುವೆ ಗೆರೆಯಿಲ್ಲ. ಅಕ್ಕ ಎಡಗೈಯಿಂದ ಸೋತ ಬಲಗೈಯನ್ನು ಎತ್ತಿ ತಂದು ಜೋಡಿಸಿ ಕೈಮುಗಿದಳು. ಆ ವಾರ ಅವಳನ್ನು ಗಾಲಿಕುರ್ಚಿಯಲ್ಲಿ ಗುಡಿಗೆ ಕರೆದುಕೊಂಡು ಹೋದೆವು.

ಇದಾದ ಮೇಲೆ ಎದುರಾದ ಕಷ್ಟ ಮನುಷ್ಯರದು. ಮಗನನ್ನು ಕರೆಯಬೇಕು, ಸೊಸೆಯನ್ನು ಕರೆಯಬೇಕು, ನಾನು ಯಾವಾಗ ಬರುತ್ತೇನೆಂದು ಕೇಳಬೇಕು. ಹದಿನಾರು ಚೌಕದಲ್ಲಿ ಮುಖ ಬರೆದರೆ ಎಲ್ಲರೂ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಆದ್ದರಿಂದ ಒಬ್ಬೊಬ್ಬರಿಗೂ ಒಂದು ವಸ್ತುವನ್ನು ಹುಡುಕಿದೆವು. ಮಗನಿಗೆ ಸ್ಕೂಟರು ಒಪ್ಪಿತು. ಮೊಮ್ಮಗಳಿಗೆ ಎರಡು ಜಡೆ ಸಾಕಾಯಿತು, ಮುಖವೇ ಬೇಕಾಗಲಿಲ್ಲ. ನನಗೆ ಸೀಮೆಸುಣ್ಣ ಮತ್ತು ಕಪ್ಪುಹಲಗೆಯನ್ನು ಬರೆದುಕೊಂಡಿದ್ದೆ. ಮೂವತ್ತೈದು ವರ್ಷದ ವೃತ್ತಿಯಲ್ಲವೆ? ಅಕ್ಕ ಅದನ್ನು ಬದಿಗೆ ಸರಿಸಿದಳು. ಅವಳ ಮಟ್ಟಿಗೆ ನಾನು ಶಿಕ್ಷಕಿಯಲ್ಲ, ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ. ಮನೆಯಲ್ಲಿ ಇದ್ದ ಹಾಳೆಗಳನ್ನೆಲ್ಲ ಹರವಿಕೊಂಡು ಹುಡುಕಿ ಅವಳು ನನ್ನ ಗುರುತೆಂದು ತೋರಿಸಿದ್ದು ಮಾವಿನಕಾಯಿಯ ಚಿತ್ರವನ್ನು. ಬಾಲ್ಯದಲ್ಲಿ ಉಪ್ಪು ಖಾರ ಹಚ್ಚಿದ ಹೋಳುಗಳಿಗಾಗಿ ನಾನು ಅವಳ ಸೆರಗು ಹಿಡಿದು ತಿರುಗುತ್ತಿದ್ದುದು ನನಗೇ ಮರೆತಿತ್ತು. ಆ ಹಾಳೆಯಲ್ಲಿ ನಾನು ಇಂದಿಗೂ ಮಾವಿನಕಾಯಿ.

ಎಲ್ಲ ಚಿತ್ರಗಳು ಕೂಡಿದ ಮೇಲೂ ಒಂದು ಗುರುತು ಇರಲಿಲ್ಲ. 'ನಾನು' ಎಂಬುದಕ್ಕೆ ಚಿತ್ರವಿರಲಿಲ್ಲ. ಅಕ್ಕ ತಂಬಿಗೆಗೆ ಬೆರಳಿಟ್ಟರೆ ನೀರು ತನಗೆ ಬೇಕೆಂದೋ, ಬಂದ ಅತಿಥಿಗೆ ಕೊಡಬೇಕೆಂದೋ ತಿಳಿಯುತ್ತಿರಲಿಲ್ಲ. ಮನೆಗೆ ಬಂದವರಿಗೆ ನೀರು ಕೊಡದೆ ಕೂರಿಸಿದರೆಂಬ ಕಳವಳ ಅವಳಿಗೆ ಕಾಯಿಲೆಯಲ್ಲಿಯೂ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟು, ಪಿಸ್ಕೆಲಿನಲ್ಲಿ ಹದಿನೈದು ಚೌಕ ಅಗಲ, ಹದಿನೈದು ಚೌಕ ಎತ್ತರದ ಹಾಳೆಯನ್ನು ತೆರೆದೆ. ರಂಗೋಲಿಯ ಚುಕ್ಕಿಗಳಂತೆ 113 ಚೌಕಗಳನ್ನು ತೆಳು ಬೂದುಬಣ್ಣದಲ್ಲಿ ಇಟ್ಟೆ. ಎಡದ ಅರ್ಧದಲ್ಲಿ ಕೆಂಪು ಬಣ್ಣದಿಂದ ಎಸಳುಗಳನ್ನು ತುಂಬಿ, ಬಲದ ಅರ್ಧವನ್ನು ಬಿಟ್ಟು, ಮೌಸನ್ನು ಅವಳ ಎಡಗೈಗೆ ಕೊಟ್ಟೆ. ಚಿಕ್ಕಂದಿನಲ್ಲಿ ನನಗೆ ಚುಕ್ಕಿಯಿಡಲು ಕಲಿಸಿದವಳು ಅವಳೇ. ಕನ್ನಡಿ ಪೆನ್ನನ್ನು ಬಳಸಿದ್ದರೆ ಬಲದ ಅರ್ಧ ತಾನಾಗಿಯೇ ಮೂಡುತ್ತಿತ್ತು. ಅದನ್ನು ಬಳಸಲಿಲ್ಲ. ಮೊದಲ ಚೌಕವನ್ನು ಹಿಡಿಯಲು ಅಕ್ಕನಿಗೆ ಬಹಳ ಹೊತ್ತು ಬೇಕಾಯಿತು. ಬಾಣದ ಗುರುತು ಜಾರುತ್ತಿತ್ತು, ಚೌಕ ತಪ್ಪುತ್ತಿತ್ತು, ನಾನು ಒಂದು ಹೆಜ್ಜೆ ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತುತ್ತಿದ್ದೆ. ನಲವತ್ತು ನಿಮಿಷದಲ್ಲಿ ಅರ್ಧ ರಂಗೋಲಿ ಪೂರ್ತಿಯಾಯಿತು. ಎಣಿಸಿ ನೋಡಿದೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ.

ಅದನ್ನು ಮುದ್ರಿಸಿ ಮುಂದಿನ ವಾರ ಒಯ್ದೆ, ಗೋಡೆಗೆ ಅಂಟಿಸಲೆಂದು. ಅಕ್ಕ ಗೋಡೆಗೆ ಬಿಡಲಿಲ್ಲ. ಉಳಿದ ಚಿತ್ರಗಳ ಹಾಳೆಯ ಮೇಲೆ ಅದನ್ನಿಟ್ಟು, ಅದಕ್ಕೆ ಬೆರಳು ತಾಗಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಳಿಕ ತಂಬಿಗೆಯ ಮೇಲೆ ಬೆರಳಿಟ್ಟಳು. ನನಗೆ ನೀರು ಬೇಕು. ಒಂದಾದ ಮೇಲೊಂದು ಎರಡು ಗುರುತು. ಕರ್ತೃಪದವೂ ಬಂತು, ಕರ್ಮಪದವೂ ಬಂತು. ಕಾಯಿಲೆಯಾದ ಮೇಲೆ ಅವಳು ಆಡಿದ ಮೊದಲ ವಾಕ್ಯ ಅದೇ.

ಈಗ ಅಕ್ಕನ ಬಳಿ 34 ಚಿತ್ರಗಳಿವೆ. ಇದರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ನಿನ್ನೆ ಎಂಬುದಕ್ಕೂ ನಾಳೆ ಎಂಬುದಕ್ಕೂ ಚಿತ್ರವಿಲ್ಲ. 'ಒಂದು ವೇಳೆ' ಎಂಬುದಕ್ಕಿಲ್ಲ. ತೀರಿಕೊಂಡ ಭಾವನವರ ನೆನಪಾದಾಗ ಅವಳು ನೀಲಿ ಹನಿಗೆ ಬೆರಳಿಡುತ್ತಾಳೆ, ಅದಕ್ಕಿಂತ ಮುಂದಕ್ಕೆ ಹೋಗಲು ನಮ್ಮ ಬಳಿ ಚೌಕಗಳಿಲ್ಲ. ಓದು ಮರಳಿಲ್ಲ. ಮರ ಮತ್ತು ಮಠ ಎರಡೂ ಅವಳಿಗೆ ಈಗ ಒಂದೇ ಬಗೆಯ ಗೀಟು. ಆದರೆ ನೀರು ಕೇಳಿದವಳಿಗೆ ಹೊದಿಕೆ ಹೊದಿಸುವ ದಿನಗಳು ಕಡಿಮೆಯಾಗಿವೆ.

ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇಂಥವರಿದ್ದರೆ ಮಾಡಿ ನೋಡಿ. ಚಿತ್ರಕಲೆ ಬರಬೇಕಿಲ್ಲ, ನನಗೂ ಬರುವುದಿಲ್ಲ. ಹದಿನಾರು ಚೌಕದಿಂದ ಆರಂಭಿಸಿ. ಎರಡು ಬಣ್ಣ ಸಾಕು. ದಿನಕ್ಕೆ ಎರಡಕ್ಕಿಂತ ಹೆಚ್ಚು ಹೊಸ ಚಿತ್ರಗಳನ್ನು ಮುಂದಿಡಬೇಡಿ. ಅವರ ಮನೆಯ ತಟ್ಟೆಯನ್ನೇ ಬರೆಯಿರಿ, ಅಂಗಡಿಯ ತಟ್ಟೆಯನ್ನಲ್ಲ. ಇದು ಏನೆಂದು ನೀವು ಹೇಳುವ ಮೊದಲು ಅವರಿಗೆ ಏನು ಕಂಡಿತೆಂದು ಕಾಯಿರಿ. ಮಾತಿನ ಚಿಕಿತ್ಸೆಯವರು ಇದ್ದರೆ ಅವರಿಗೆ ತೋರಿಸಿ, ಅವರ ಸಲಹೆಯಂತೆ ಮುಂದುವರಿಯಿರಿ.

ಬಂಧುಗಳಲ್ಲಿ ಒಂದು ಕೋರಿಕೆ. ಬರುವ ತಿಂಗಳು ಅಕ್ಕನ ಮನೆಗೆ ನಿಮ್ಮಲ್ಲಿ ಹಲವರು ಬರುವವರಿದ್ದೀರಿ. ಅಕ್ಕ ನಿಮ್ಮೆಲ್ಲರನ್ನೂ ನೋಡಿ ಗುರುತಿಸುತ್ತಾಳೆ, ಆದರೆ ನೀವು ಹೋದ ಮೇಲೆ ನಿಮ್ಮ ವಿಷಯ ಎತ್ತಲು ಅವಳಿಗೆ ದಾರಿಯಿಲ್ಲ. ನಿಮ್ಮ ಗುರುತುಗಳನ್ನೂ ಬರೆಯಬೇಕೆಂದಿದ್ದೇನೆ. ಆದಕಾರಣ ನಿಮಗೆ ತೋಚಿದ ಒಂದು ವಸ್ತುವನ್ನು ತಿಳಿಸಿ. ನಿಮ್ಮ ಉದ್ಯೋಗ, ಕಾರು, ಮನೆ ಬೇಡ. ಅಕ್ಕ ನಿಮ್ಮನ್ನು ಯಾವುದರಿಂದ ನೆನೆದಾಳೆಂದು ಸ್ವಲ್ಪ ಹೊತ್ತು ಯೋಚಿಸಿ ಹೇಳಿ. ಹದಿನಾರು ಚೌಕದಲ್ಲಿ ಅದನ್ನು ಹಿಡಿಸುವ ಕೆಲಸ ನನ್ನದು.